ತಳ ಹತ್ತಿದ ದವನ

ಮೊನ್ನೆ ಪೀಣ್ಯದ ಮೆಟ್ರೊ ಮೆಟ್ಟಿಲ ಬುಡದಲ್ಲಿ ಹೂವು ಮಾರುವ ಅಕ್ಕ, ಮಲ್ಲಿಗೆಯ ನಡುವೆ ಎರಡು ಎಳೆ ದವನ ಸಿಕ್ಕಿಸಿ ಕೊಟ್ಟಳು. ದವನ ಮೂಸಿದರೆ ನಿಮಗೆ ದೇವರು ನೆನಪಾಗಬಹುದು. ನನಗೆ ಬಾಯ್ಲರ್ ನೆನಪಾಗುತ್ತದೆ. ಅಲ್ಲೇ ಹಿಂದಿನ ಬೀದಿಯಲ್ಲಿ, ಸುಗಂಧ ತೈಲ ತೆಗೆಯುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಆರು ವರ್ಷ ಕೆಮಿಸ್ಟ್ ಆಗಿದ್ದೆ. ಸಂಜೆ ಸಿಟಿ ಬಸ್ಸಿನಲ್ಲಿ ನನ್ನ ಬಟ್ಟೆಯ ಘಾಟಿಗೆ ಪಕ್ಕದವರು ಸರಿದು ಕೂರುತ್ತಿದ್ದರು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಭಟ್ಟಿ ನೋಡಿಕೊಳ್ಳುತ್ತಿದ್ದವರು ಶರಣಪ್ಪ. ಬಾದಾಮಿ ಕಡೆಯವರು, ದಾಸರಹಳ್ಳಿಯ ವಠಾರದಲ್ಲಿ ಹೆಂಡತಿಯೊಂದಿಗೆ ಇದ್ದರು. ಸೊಪ್ಪು ತುಂಬಿ, ಕೆಳಗೆ ನೀರು ಕುದಿಸಿ, ಆವಿಯೊಡನೆ ಏರಿದ ಎಣ್ಣೆಯನ್ನು ತಣಿಸಿ ಹಿಡಿಯುವುದು ಅವರ ಕೆಲಸ. ಅದರ ಒಂದು ಹನಿಯನ್ನು ಯಂತ್ರಕ್ಕೆ ಹಾಕಿ ಒಳಗೇನೇನಿದೆಯೆಂದು ಬಿಡಿಸಿ ನೋಡುವುದು ನನ್ನದು. ಒಂದೊಂದು ಅಂಶಕ್ಕೂ ಯಂತ್ರ ಕಾಗದದ ಮೇಲೆ ಒಂದೊಂದು ಏರು ಬರೆಯುತ್ತಿತ್ತು.

ಒಂದು ಬೆಳಿಗ್ಗೆ ಅವರು ಕ್ಯಾನು ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತರು.

“ಮೇಡಮ್ಮಾರ, ಭಟ್ಟಿಯೊಳಗ ನೀರು ಕಡಿಮಿ ಆಗಿದ್ದು ನಾ ನೋಡ್ಲಿಲ್ರಿ. ಸೊಪ್ಪು ತಳ ಹತ್ತೈತಿ. ಈ ಎಣ್ಣಿ ಬ್ಯಾರೆ ಇಡ್ರಿ.”

ಮೂಸಿದೆ, ನನಗೆ ದವನವಷ್ಟೇ ತಿಳಿಯಿತು. ಯಂತ್ರಕ್ಕೆ ಹಾಕಿದೆ. ದೊಡ್ಡ ಏರುಗಳೆಲ್ಲ ತಮ್ಮ ಜಾಗದಲ್ಲೇ ಇದ್ದವು. ಕೊನೆಯಲ್ಲಿ ಮಾತ್ರ ಸಾಸಿವೆಯಷ್ಟು ಹೊಸ ಉಬ್ಬು. ಸಣ್ಣವನ್ನು ಬಿಟ್ಟುಬಿಡು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಕೇಳುತ್ತದೆ. ಹೇಳಿದೆ. ವರದಿ ಚೆಂದವಾಗಿ ಬಂತು.

“ಏನಿಲ್ಲ ಶರಣಪ್ಪ, ಮಷೀನು ಓಕೆ ಅಂತಿದೆ.”

“ಆತ್ರಿ. ನಾ ಹೇಳೂದು ಹೇಳೀನಿ.”

ತಿಂಗಳೊಳಗೆ ಎಣ್ಣೆ ಕೊಂಡವರಿಂದ ಕ್ಯಾನು ವಾಪಸು ಬಂತು. ಸುಟ್ಟ ವಾಸನೆಯಂತೆ. ಮಾಲೀಕರು ನಮ್ಮಿಬ್ಬರನ್ನೂ ಕರೆದರು.

“ತಳ ಹತ್ತಿಸ್ಬಿಟ್ಟು ಮುಚ್ಚಿಟ್ಟಿದ್ದೀಯಲ್ಲಯ್ಯ. ಮೇಡಂಗಾದ್ರೂ ಹೇಳೋದಲ್ವಾ?”

“ಹೇಳಿದ್ನಿರಿ,” ಅಂದರು ಶರಣಪ್ಪ.

“ಹೌದಾ ಮೇಡಂ?”

ನಾನು ವರದಿಯ ಮೇಲಿನ ನನ್ನ ಸಹಿಯನ್ನೇ ನೋಡುತ್ತಿದ್ದೆ. “ನೆನಪಿಲ್ಲ ಸಾರ್” ಅಂದೆ.

ಅವತ್ತು ಮಧ್ಯಾಹ್ನವೇ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ನಾನೂ ಆ ಕೆಲಸ ಬಿಟ್ಟೆ. ಇನ್ನೊಂದು ಹಿಡಿದೆ, ಅದನ್ನೂ ಬಿಟ್ಟೆ. ಸಂಬಳ ಸಾಲದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾವ ವರದಿಗಾದರೂ ಸಹಿ ಹಾಕುವ ಮುಂಚೆ ಮೂರು ಸಲ ಎದ್ದು ನೀರು ಕುಡಿಯುತ್ತೇನೆ. “ಶುಗರ್ ಟೆಸ್ಟ್ ಮಾಡಿಸ್ಕೊಳ್ರೀ” ಎಂದು ಜೊತೆಯವರು ನಗುತ್ತಾರೆ. ಮಾಡಿಸಿಯೂ ನೋಡಿದೆ. ಶುಗರ್ ಇರಲಿಲ್ಲ.

ಮೊನ್ನೆ ನಾನು ಮೆಟ್ರೊ ಹತ್ತಲಿಲ್ಲ. ಬಸ್ಸು ಹಿಡಿದು ದಾಸರಹಳ್ಳಿಗೆ ಹೋದೆ. ಎರಡು ಬೀದಿ ತಪ್ಪಿ, ಕೊನೆಗೆ ಆ ವಠಾರ ಸಿಕ್ಕಿತು. ಶರಣಪ್ಪ ಊರಿಗೆ ಹೋಗಿ ವರ್ಷಗಳಾದವೆಂದ ಮನೆಯೊಡತಿ, ನಂಬರು ಹುಡುಕಿ ಕೊಟ್ಟರು. ಗೇಟಿನ ಹೊರಗೆ ನಿಂತೇ ಫೋನು ಮಾಡಿದೆ. ಅವರಿಗೆ ನನ್ನ ದನಿ ಗುರುತು ಸಿಕ್ಕಿತು.

“ಅವತ್ತು ನೀವು ಹೇಳಿದ್ದು ನನಗೆ ನೆನಪಿತ್ತು ಶರಣಪ್ಪನವರೇ. ನೆನಪಿಲ್ಲ ಅಂತ ಸುಳ್ಳು ಹೇಳ್ದೆ.”



“ನಮ್ಮ ಮನಿಯಾಕಿ ಇವತ್ತಿಗೂ ನಾ ಮುಚ್ಚಿಟ್ಟು ಕೆಲಸ ಕಳಕೊಂಡೀನಿ ಅಂತ ತಿಳಕೊಂಡಾಳ್ರಿ,” ಅಂದರು. “ಆಕಿಗೆ ಹೇಳ್ರಿ.”

ಫೋನು ಕೈ ಬದಲಾಯಿಸಿತು. “ಯಾರ್ರೀ?” ಎಂದಿತು ಒಂದು ಹೆಣ್ಣು ದನಿ.

ಹೆಸರು ಹೇಳಿದೆ. ಆಮೇಲೆ, ನಡುವೆ ಎಲ್ಲೂ ನಿಲ್ಲಿಸದೆ, ಎಲ್ಲವನ್ನೂ ಹೇಳಿದೆ.