ನೊರೆ ಹಚ್ಚಿಸಿಕೊಂಡವರು ಮಾತಾಡುವಂತಿಲ್ಲ

ನನ್ನ ಮೈದುನನಿಗೆ ಜಗಳ ಕಂಡರೆ ಆಗದು. ಯಾರಾದರೂ ದನಿ ಏರಿಸಿದರೆ ಅವನ ಕೈ ನಡುಗುತ್ತದೆ. ಕ್ಷೌರದವನ ಕೈ ನಡುಗಿದರೆ ಗಿರಾಕಿಯ ಗತಿ ಏನು? ಅವನು ಕತ್ತಿ ಹಿಡಿದ ಹೊಸತರಲ್ಲಿ ಹೀಗೇ ಆಯಿತು. ಕುರ್ಚಿಯಲ್ಲಿದ್ದವರು ಬೆಂಚಿನಲ್ಲಿದ್ದವರ ಜೊತೆ ಬೀದಿಯ ಕೊಳಾಯಿ ವಿಷಯಕ್ಕೆ ವಾದಕ್ಕಿಳಿದರು, ಕಿವಿಯ ಅಂಚು ಕುಯ್ದುಹೋಯಿತು. ಅಂದಿನಿಂದ ಅವನದೊಂದು ಕಟ್ಟಳೆ: ಮುಖಕ್ಕೆ ನೊರೆ ಹಚ್ಚಿದ ಮೇಲೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಕತ್ತಿ ಮಡಚಿಟ್ಟು ಕೈಕಟ್ಟಿ ನಿಂತುಬಿಡುತ್ತಾನೆ. ಅರ್ಧ ಗಡ್ಡದಲ್ಲಿ ಎದ್ದು ಯಾರು ಮನೆಗೆ ಹೋಗುತ್ತಾರೆ?

ಕಿವಿ ಉಳಿಸಲು ಮಾಡಿದ ಕಟ್ಟಳೆಯಿಂದ ಬೇರೆಯೇ ಒಂದು ಉಪಯೋಗವಾಯಿತು. ಬೆಂಚಿನಲ್ಲಿ ಕೂತವರು ಹೇಳಿದ್ದನ್ನು ಕುರ್ಚಿಯಲ್ಲಿ ಕೂತವರು ಪೂರ್ತಿ ಕೇಳಲೇಬೇಕು. ಆಮೇಲೆ ಇವರು ಬೆಂಚಿಗೆ, ಅವರು ಕುರ್ಚಿಗೆ. ಗೋಡೆಗಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಮನೆ ಕೊಟ್ಟವರು, ಬಾಡಿಗೆಗೆ ಇದ್ದವರು, ಹೀಗೆ ಎಷ್ಟೋ ಮಂದಿ ಗಡ್ಡದ ನೆಪದಲ್ಲಿ ಬಂದು ಹಗುರಾಗಿ ಹೋದರು. ಮೈದುನ ನ್ಯಾಯ ಹೇಳುವವನಲ್ಲ. ಹೇಳು ಎಂದರೂ ಅವನ ಬಾಯಲ್ಲಿ ಬರುವುದು "ತಲೆ ಸ್ವಲ್ಪ ಈ ಕಡೆ" ಎನ್ನುವುದಷ್ಟೇ.

ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಂಗಳ. ಅದೇ ನಮ್ಮ ಮನೆ. ಟವೆಲು ಒಗೆದು, ಒಣಗಿಸಿ, ಮಡಿಸುವುದು ನನ್ನ ಕೆಲಸ. ಅಂಗಡಿಯಲ್ಲಿ ಕುರ್ಚಿ ಎರಡು. ಕಿಟಕಿ ಪಕ್ಕದ್ದು ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಕುರ್ಚಿ. ಅವರು ತೀರಿಹೋದ ಮೇಲೆ ಮೈದುನ ಅದಕ್ಕೆ ಬಟ್ಟೆ ಹೊದಿಸಿಟ್ಟ. ಅದರಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ.

ಈಚೆಗೆ ಪುರಸಭೆ ಚುನಾವಣೆ ಬಂತು, ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟ ಇಬ್ಬರು ಬೀಗರು ಹಾವು ಮುಂಗುಸಿಯಾದರು. ಒಬ್ಬರು ಬೇಕರಿಯವರು, ಇನ್ನೊಬ್ಬರು ಗಡಿಯಾರ ರಿಪೇರಿಯವರು. ಬೇಕರಿಯವರ ಮಗಳನ್ನು ಗಡಿಯಾರದವರ ಮಗನಿಗೆ ಕೊಟ್ಟಿದೆ. ಬೀದಿ ಅಗಲ ಮಾಡಬೇಕು ಎನ್ನುವ ಪಕ್ಷಕ್ಕೆ ಬೇಕರಿಯವರು, ಕೂಡದು ಎನ್ನುವ ಪಕ್ಷಕ್ಕೆ ಗಡಿಯಾರದವರು. ಬೇಕರಿಯವರು ಮೈಕು ಹಿಡಿದು, "ನಮ್ಮ ಬೀಗರ ಅಂಗಡೀಲಿ ನಡೆಯೋ ಗಡಿಯಾರ ಒಂದೂ ಇಲ್ಲ, ಊರಿಗೆ ಕಾಲ ಹೇಳಕ್ಕೆ ಬಂದವ್ರೆ" ಎಂದರು. ಗಡಿಯಾರದವರು ಬಿಡುತ್ತಾರೆಯೇ? ಮಾರನೆಯ ದಿನ ಅದೇ ಮೈಕಿನಲ್ಲಿ, "ಅವರ ಬ್ರೆಡ್ಡಲ್ಲೂ ಗಾಳಿ, ಮಾತಲ್ಲೂ ಗಾಳಿ" ಎಂದರು. ಕೊನೆಗೆ ಇವರಿಬ್ಬರ ಪಕ್ಷದವರೂ ಸೋತು ಮೂರನೆಯವನು ಗೆದ್ದ. ಬೀಗರ ಮುನಿಸು ಮಾತ್ರ ಹಾಗೇ ಉಳಿಯಿತು.

ಪೆಟ್ಟು ಬಿದ್ದದ್ದು ಆ ಹುಡುಗಿಗೆ. ತವರು ಎರಡು ಬೀದಿಯಾಚೆ. ತಾಯಿ ಮಂಡಿನೋವಿನಿಂದ ಎದ್ದು ಓಡಾಡಲಾರಳು. ಮಾವ "ಆ ಮನೆ ಮೆಟ್ಟಿಲು ತುಳಿದ್ರೆ ಅಲ್ಲೇ ಇದ್ಬಿಡು" ಎಂದಿದ್ದರು. ಅಪ್ಪ "ನಿಮ್ಮ ಮಾವ ಮೊದ್ಲು ಕ್ಷಮೆ ಕೇಳ್ಲಿ, ಆಮೇಲೆ ಬಾ" ಎಂದಿದ್ದರು. ಗಂಡ, ಅಪ್ಪನೆದುರು ಕೆಮ್ಮಲೂ ಹೆದರುವ ಪ್ರಾಣಿ. ಒಂದು ಭಾನುವಾರ ಬೆಳಿಗ್ಗೆ ಅವಳು ನಮ್ಮ ಅಂಗಳಕ್ಕೆ ಬಂದು ನನ್ನ ಜೊತೆ ಟವೆಲು ಮಡಿಸುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಪಾಡು ಮೊದಲೇ ತಿಳಿದಿದ್ದ ಮೈದುನ ಆ ಹೊತ್ತಿಗೇ ಬನ್ನಿ ಎಂದು ಬೀಗರಿಬ್ಬರಿಗೂ ಬೇರೆ ಬೇರೆಯಾಗಿ ಹೇಳಿಟ್ಟಿದ್ದ.

ಇಬ್ಬರೂ ಬಂದರು. ಬಂದು ಬಾಗಿಲಲ್ಲೇ ನಿಂತರು.

"ಮೊದ್ಲು ಅವರಿಗೆ ಹಚ್ಚಪ್ಪ, ನಂಗೇನು ಅವಸರ ಇಲ್ಲ" ಎಂದರು ಗಡಿಯಾರದವರು.

"ಓಹೋ! ನಾನು ಬಾಯಿ ಮುಚ್ಚಿ ಕೂರೋದು, ಇವರು ಭಾಷಣ ಮಾಡೋದು. ಅವರಿಗೇ ಹಚ್ಚು."

ಮೊದಲು ಕೇಳುವವನಾಗಲು ಇಬ್ಬರೂ ಒಲ್ಲರು. ಮೈದುನ ಇಬ್ಬರ ಮುಖವನ್ನೂ ನೋಡಿದ. ಹಿಂದಿನ ಬಾಗಿಲಿನತ್ತ ತಿರುಗಿ ನನ್ನನ್ನೂ ನೋಡಿದ. ಆಮೇಲೆ ಹೋಗಿ ಅಣ್ಣನ ಕುರ್ಚಿಯ ಮೇಲಿನ ಬಟ್ಟೆ ತೆಗೆದ. ಇಬ್ಬರನ್ನೂ ಒಟ್ಟಿಗೇ ಕೂರಿಸಿ, ಒಟ್ಟಿಗೇ ನೊರೆ ಹಚ್ಚಿಬಿಟ್ಟ.

ಈಗ ಅಂಗಡಿಯಲ್ಲಿ ಕೇಳುವವರು ಇಬ್ಬರು, ಹೇಳುವವರು ಯಾರೂ ಇಲ್ಲ. ಅವನು ಅಷ್ಟು ದೂರ ಯೋಚಿಸಿರಲಿಲ್ಲ. ಕತ್ತಿ ಮಸೆದ. ಮಸೆದದ್ದನ್ನೇ ಮತ್ತೆ ಮಸೆದ.

ನಾನು ಹುಡುಗಿಯ ಬೆನ್ನು ತಟ್ಟಿ, "ಹೋಗೇ, ಇಂಥಾ ಹೊತ್ತು ಮತ್ತೆ ಸಿಗಲ್ಲ" ಎಂದೆ.

ಅವಳು ಕೈಯಲ್ಲಿದ್ದ ಟವೆಲಿನ ಸಮೇತ ಹೋಗಿ ಕುರ್ಚಿಗಳ ನಡುವೆ ನಿಂತಳು. "ಅಪ್ಪ, ಮಾವ, ಇಬ್ರೂ ಕೇಳಿ. ಬಾಯಿ ಬಿಟ್ರೆ ಸೋಪು ಒಳಗೋಗತ್ತೆ. ನೀವು ಹೊತ್ಕೊಂಡು ಮೆರೆಸಿದೋರು ಇಬ್ರೂ ಸೋತ್ರು. ಗೆದ್ದೋನಿಗೆ ನಿಮ್ಮ ಹೆಸರೂ ಗೊತ್ತಿಲ್ಲ. ಅಮ್ಮನ ಮಂಡಿಗೆ ನಾನು ಫೋನಲ್ಲಿ ಎಣ್ಣೆ ತಿಕ್ಕಕ್ಕಾಗುತ್ತಾ? ಇವತ್ತು ಹೋಗ್ತೀನಿ, ಸಂಜೆ ವಾಪಸ್ ಬರ್ತೀನಿ. ಅಪ್ಪ, ಕ್ಷಮೆ ಗಿಮೆ ಅಂತ ಬಾಗಿಲಿಗೆ ಅಡ್ಡ ನಿಂತ್ರೆ ನಿನ್ನ ತಳ್ಕೊಂಡೇ ಒಳಗೆ ಹೋಗ್ತೀನಿ. ಮಾವ, ನೀವು ಬಾಗಿಲು ಹಾಕ್ಕೊಂಡ್ರೆ ಮೆಟ್ಟಿಲ ಮೇಲೆ ಕೂತ್ಕೋತೀನಿ. ಹೋಗೋ ಬರೋರೆಲ್ಲ ಯಾಕಮ್ಮಾ ಅಂತ ಕೇಳ್ಲಿ, ನಾನೂ ಹೇಳ್ತೀನಿ."

ಮೈದುನನ ಕತ್ತಿ ಆಗ ಗಡಿಯಾರದವರ ಮೀಸೆಯ ಅಂಚಿನಲ್ಲಿತ್ತು. ಅವರು ಕಟ್ಟಳೆ ಮುರಿಯಲಿಲ್ಲ, ಬಾಯಿ ಬಿಡಲಿಲ್ಲ. ಆಗದು ಎಂದು ತಲೆ ಮಾತ್ರ ಜೋರಾಗಿ ಅಲ್ಲಾಡಿಸಿದರು. ಎಡಗಡೆಯ ಮೀಸೆ ನೊರೆಯ ಸಮೇತ ಕತ್ತಿಯ ಮೇಲೆ ಬಂತು.

ಮೈದುನನ ಮುಖ ಸುಣ್ಣದ ಹಾಗಾಯಿತು. ಗಡಿಯಾರದವರು ಕನ್ನಡಿ ನೋಡಿಕೊಂಡರು.

"ಅಯ್ಯೋ ಬೀಗ್ರೇ, ಒಂದೇ ಮುಳ್ಳು ಉಳೀತಲ್ರೀ!" ಎಂದು ಬೇಕರಿಯವರು ಕುರ್ಚಿಯಲ್ಲೇ ಬಗ್ಗಿ ನಗತೊಡಗಿದರು. ಸೋಪು ಬಾಯಿಗೆ ಹೋಗಿ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು, ನಗು ಮಾತ್ರ ನಿಲ್ಲಲೊಲ್ಲದು.

"ಮೊದ್ಲು ಬಾಯಿ ತೊಳ್ಕೊಳ್ರೀ, ಆಮೇಲೆ ನಗೋರಂತೆ. ಸತ್ತುಗಿತ್ತು ಹೋದೀರಿ" ಎಂದರು ಗಡಿಯಾರದವರು. ಚುನಾವಣೆಯಾದ ಮೇಲೆ ಬೀಗರಿಗೆ ಅವರು ಆಡಿದ ಮೊದಲ ಮಾತು ಅದು. ಇನ್ನೊಮ್ಮೆ ಕನ್ನಡಿ ನೋಡಿಕೊಂಡರು. ಹೊದಿಸಿದ ಬಟ್ಟೆಯೊಳಗೆ ಅವರ ಹೊಟ್ಟೆಯೂ ಕುಲುಕುವುದು ನನಗೆ ಕಂಡಿತು.

"ಬೀದಿ ಅಗಲ ಮಾಡೋದು ತಪ್ಪೇ. ಅದನ್ನ ನಾನು ಯಾವತ್ತೂ ಒಪ್ಪಲ್ಲ" ಎಂದರು.

"ಒಪ್ಪಬೇಡಿ ಬಿಡಿ. ಮನೆಗೆ ಬಂದೇ ಒಪ್ಪಲ್ಲ ಅನ್ನಿ."

ಗಡಿಯಾರದವರು "ಹೋಗಮ್ಮ, ಹೋಗ್ಬಾ" ಎನ್ನುತ್ತಾ ಸೊಸೆಯ ಕಡೆ ತಿರುಗಿದರು. ಅವಳು ಅಲ್ಲೆಲ್ಲಿದ್ದಳು? ಇವರು ನಗುವಾಗಲೇ ಟವೆಲನ್ನು ಬೆಂಚಿನ ಮೇಲೆ ಹಾಕಿ ಬೀದಿಗಿಳಿದು ಹೊರಟುಹೋಗಿದ್ದಳು.

ಉಳಿದರ್ಧ ಮೀಸೆಗೆ ಮೈದುನ ಹೊಸದಾಗಿ ನೊರೆ ಹಚ್ಚಿದ. ಗಡಿಯಾರದವರ ಬಾಯಿ ಮತ್ತೆ ಮುಚ್ಚಿತು. ಬೇಕರಿಯವರು ಮುಖ ತೊಳೆದು ಬಂದು ಬೆಂಚಿನಲ್ಲಿ ಕೂತರು. ಬೀದಿಯ ಮಾತು ಎತ್ತಲಿಲ್ಲ. ಹೆಂಡತಿ ಮೆಟ್ಟಿಲು ಇಳಿಯಲಾರದೆ ಪಡುವ ಪಾಡು, ತಾನು ಎಣ್ಣೆ ತಿಕ್ಕಲು ಹೋದರೆ "ಇದು ಹಿಟ್ಟಲ್ಲ, ಕಾಲು" ಎಂದು ಅವಳು ಬೈಯುವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಗಡಿಯಾರದವರು ಈ ಸಲ ತಲೆ ಅಲ್ಲಾಡಿಸದೆ, ಕತ್ತಿ ಕೆಳಗಿಳಿಯುವವರೆಗೂ ಕೇಳಿದರು.