ಬ್ರೂಸ್ ಅವರ ಬೀರ್ ಒಲೆ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಹ್ಯಾಮಿಲ್ಟನ್ನಿನ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ಪುನರ್ವಸತಿ ತಂಡದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ನ್ಯೂಜಿಲೆಂಡಿಗೆ ಬಂದು ಹದಿನಾಲ್ಕು ವರ್ಷ ಆಗಿತ್ತು. ನನ್ನ ಕೆಲಸ ಏನೆಂದು ಧಾರವಾಡದ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಾನು ಔಷಧಿ ಕೊಡುವುದಿಲ್ಲ, ಇಂಜೆಕ್ಷನ್ ಚುಚ್ಚುವುದಿಲ್ಲ. ಕಾಯಿಲೆಯಿಂದಲೋ ಅಪಘಾತದಿಂದಲೋ ಕೈ, ಕಾಲು, ನೆನಪು ಕೆಟ್ಟವರು ಮತ್ತೆ ಅಂಗಿ ಗುಂಡಿ ಹಾಕಿಕೊಳ್ಳುವಂತೆ, ಚಹಾ ಮಾಡಿಕೊಳ್ಳುವಂತೆ, ಬಸ್ ಹತ್ತುವಂತೆ ಮಾಡುವುದು ನನ್ನ ಕೆಲಸ. ಅದಕ್ಕಾಗಿ ಪ್ರತಿ ಕೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಎಲ್ಲಿ ತೊಡಕಾಗುತ್ತದೆಂದು ಹುಡುಕುತ್ತೇವೆ.

ಬ್ರೂಸ್ ಅವರಿಗೆ ಆಗ ಅರವತ್ತೆಂಟು. (ಹೆಸರುಗಳನ್ನು ಬದಲಿಸಿದ್ದೇನೆ.) ಹಾಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಸೂರಿನ ಅಂಚಿನ, ಮಳೆನೀರು ಹರಿಯುವ ಗಟರಿನಲ್ಲಿ ತುಂಬಿದ್ದ ಎಲೆ ತೆಗೆಯಲು ಏಣಿ ಹತ್ತಿ, ಬಿದ್ದು, ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಬಲ ಭುಜವೂ ಮುರಿದಿತ್ತು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ನಾಲ್ಕು ತಿಂಗಳು ಕಳೆದಿತ್ತು. ನಡೆಯುವಾಗ ಸ್ವಲ್ಪ ತೂರಾಟ, ಬೇಗ ಆಯಾಸ, ಜೋರು ಸದ್ದು ಕೇಳಿದರೆ ತಲೆನೋವು. ಎಲ್ಲಕ್ಕಿಂತ ಹೆಚ್ಚಾಗಿ, ಮನುಷ್ಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ನಿಮಗೆ ಮತ್ತೆ ಯಾವ ಕೆಲಸ ಮಾಡಬೇಕು ಅನ್ನಿಸುತ್ತೆ?" ಎಂದು ಕೇಳುವುದು ನಮ್ಮ ಪದ್ಧತಿ. ಎರಡು ಭೇಟಿಗಳಲ್ಲಿ ಅವರು "ಏನೂ ಇಲ್ಲ" ಎಂದು ಮಾತು ಮುಗಿಸಿದರು. ಮೂರನೆಯ ಸಲ, ಕಿಟಕಿಯ ಕಡೆ ನೋಡುತ್ತ, "ಬೀರ್ ಮಾಡಬೇಕು" ಎಂದರು.

ಅವರ ಹೆಂಡತಿ ಶೆರಿಲ್ ಅಡುಗೆಮನೆಯಿಂದಲೇ ಹೇಳಿದರು: "ಇವರು ಬೀರ್ ಕುದಿಸ್ತಿದ್ದ ಹಳೆಯ ಸ್ಟ್ಯಾಂಡ್ ತುಕ್ಕು ಹಿಡಿದಿತ್ತು, ಗುಜರಿಗೆ ಹಾಕಿದೆ. ಈ ಸ್ಥಿತಿಯಲ್ಲಿ ಬೆಂಕಿ, ಗ್ಯಾಸ್ ಎಲ್ಲ ನನಗೆ ಬೇಡ. ಅಪಾಯ ಇಲ್ಲ ಅಂತ ವಿದ್ಯಾ ಬರೆದುಕೊಟ್ಟರೆ ಸರಿ. ಇಲ್ಲದಿದ್ದರೆ ಪಾತ್ರೆಗಳನ್ನೂ ಮಾರಿಬಿಡ್ತೀನಿ."

ವಿದ್ಯಾ ಎಂದರೆ ನಾನು. ಸರಿಯಾದವರ ಕೈಗೇ ಸಿಕ್ಕಿತ್ತು ಕೆಲಸ! ಬೀರ್ ಬಾಟಲಿಯ ಮುಚ್ಚಳ ಸಹ ತೆಗೆದು ಗೊತ್ತಿಲ್ಲದವಳು ನಾನು. ಆ ಸಂಜೆ ಮನೆಯಲ್ಲಿ ಬರ್ನರ್‌ಗಳ ವಿಡಿಯೋ ನೋಡುತ್ತ ಕೂತಿದ್ದಾಗ ನನ್ನ ಗಂಡ ಹಿಂದೆ ಬಂದು ನಿಂತರು.

"ಅಲ್ಲಾ, ದವಾಖಾನ್ಯಾಗ ನೌಕರಿ ಮಾಡಾಕಿ ಈಗ ಬೀರಿನ ಒಲಿ ಹುಡುಕಾಕ ಹೊಂಟೀಯೇನು? ನಿಮ್ಮವ್ವಗ ಫೋನ್ ಹಚ್ಚಿ ಹೇಳ್ಲೇನು?"

"ಹೇಳ್ರಿ. ಸಿಲಿಂಡರ್ ಹಚ್ಚೂದು ನನಗ ಕಲಿಸಿದಾಕೀನ ಆಕಿ."

ಇಲ್ಲಿ ಮನೆಬಳಕೆಗೆ ಬೀರ್ ಮಾಡಿಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲ. ಕೆಲಸವೂ ನಾನು ಹೆದರಿದಷ್ಟು ವಿಚಿತ್ರವಾಗಿರಲಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಬೇಕು, ಆ ಸಿಹಿನೀರನ್ನು ಸೋಸಿ ಒಂದು ಗಂಟೆ ಕುದಿಸಬೇಕು, ಕುದಿಯುವಾಗ ಹಾಪ್ಸ್ ಎಂಬ ಕಹಿ ಹೂವು ಹಾಕಬೇಕು, ತಣ್ಣಗಾಗಿಸಿ ಯೀಸ್ಟ್ ಬೆರೆಸಿ ಹುದುಗಲು ಬಿಡಬೇಕು. ಇದಕ್ಕೆ ಐವತ್ತು ಲೀಟರಿನ ಮೂರು ಪಾತ್ರೆ, ಅವುಗಳನ್ನು ಹೊರುವ ಉಕ್ಕಿನ ಸ್ಟ್ಯಾಂಡ್, ಕೆಳಗೆ ಗ್ಯಾಸ್ ಬರ್ನರ್. ನಮ್ಮ ಮದುವೆ ಮನೆಯ ಅಡುಗೆ ಭಟ್ಟರಿಗೆ ತೋರಿಸಿದ್ದರೆ ಇದರಲ್ಲೇನು ಮಹಾ ಎನ್ನುತ್ತಿದ್ದರು.

ಬ್ರೂಸ್ ಜೊತೆ ಕೆಲಸ ಮಾಡಿದ್ದ ವಿರೆಮು ಈಗ ಲೈಸೆನ್ಸ್ ಪಡೆದ ಗ್ಯಾಸ್‌ಫಿಟ್ಟರ್. ಅವರು ಹಿಂಬದಿ ತೆರೆದಿರುವ ತಮ್ಮ ಯೂಟ್ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದರು. ಹಿತ್ತಲಿನ ಶೆಡ್ಡಿನ ಮುಂದೆ ನಮ್ಮ ಮೂವರ ಸಭೆ. ಬ್ರೂಸ್ ಕುರ್ಚಿ ಬಿಟ್ಟು ಎದ್ದು ಬಂದಿದ್ದರು, ಕಿವಿಯ ಮೇಲೆ ಪೆನ್ಸಿಲ್ ಬೇರೆ. ಅದನ್ನು ನೋಡಿಯೇ ನನಗೆ ಅರ್ಧ ಗೆದ್ದಂತೆ ಅನ್ನಿಸಿತು.

ಮೊದಲು ಸ್ಟ್ಯಾಂಡ್. ಹಳೆಯದರಲ್ಲಿ ಪಾತ್ರೆಗಳು ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ಎತ್ತರದಲ್ಲಿದ್ದವು, ನೀರು ತಾನೇ ಕೆಳಗಿಳಿಯಲಿ ಎಂದು. ತೂರಾಡುವ ಮನುಷ್ಯ ತಲೆಮಟ್ಟದ ಕುದಿನೀರಿಗೆ ಕೈ ಚಾಚುವುದು ಬೇಡವೆಂದೆ. ಮೂರನ್ನೂ ಸೊಂಟದ ಎತ್ತರಕ್ಕೆ ಇಳಿಸಿ, ನೀರು ಸಾಗಿಸಲು ಸಣ್ಣ ಪಂಪ್ ಇಡಲು ಒಪ್ಪಿದರು. ಶೆಡ್ಡಿನ ಹಿಂದೆ ಬಿದ್ದಿದ್ದ ಹಳೆಯ ಗೇಟಿನ ಪೈಪುಗಳನ್ನೇ ಬೆಸೆಯೋಣ ಎಂದು ಬ್ರೂಸ್ ಹಟ ಹಿಡಿದರು. ವಿರೆಮು ಬೇಡವೆಂದು ತಲೆಯಾಡಿಸಿದರು. ಆ ಪೈಪಿಗೆ ಸತುವಿನ ಲೇಪ ಇತ್ತು. ಅದು ಕಾದರೆ ಬರುವ ಹೊಗೆ ಜ್ವರ ತರುತ್ತದೆ, ಹಾಗಾಗಿ ಲೇಪವಿಲ್ಲದ ಉಕ್ಕೇ ಬೇಕು.

ಆಮೇಲೆ ಬರ್ನರ್. ಒಂದು, ಹೆಚ್ಚಿನ ಒತ್ತಡದ ಜೆಟ್ ಬರ್ನರ್. ಹಚ್ಚಿದ ಕೂಡಲೇ ಅದು ಭೋರೆಂದಿತು. ಇಪ್ಪತ್ತೇ ನಿಮಿಷಕ್ಕೆ ಪಾತ್ರೆ ಕುದಿಸುತ್ತದೆ ಎಂದು ವಿರೆಮು ಕೂಗಿ ಹೇಳುವಷ್ಟರಲ್ಲಿ ಬ್ರೂಸ್ ಹಣೆ ಒತ್ತಿಕೊಂಡು ದೂರ ಹೋಗಿದ್ದರು. ಇನ್ನೊಂದು, ಕಡಿಮೆ ಒತ್ತಡದ, ಮೂರು ಉಂಗುರಗಳ ಎರಕದ ಕಬ್ಬಿಣದ ಬರ್ನರ್. ಕುದಿಯಲು ಮುಕ್ಕಾಲು ಗಂಟೆ ಬೇಕು, ಆದರೆ ಪಕ್ಕದಲ್ಲಿ ನಿಂತು ಮಾತಾಡಬಹುದು, ಸಣ್ಣ ಉರಿಗೂ ಇಳಿಸಬಹುದು. ಅದನ್ನೇ ಆಯ್ದುಕೊಂಡೆವು. ಒತ್ತಡ ಇಳಿಸುವ ರೆಗ್ಯುಲೇಟರ್ ಬರ್ನರಿಗೆ ತಕ್ಕುದಾಗಿರಬೇಕು, ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ ಎಂದು ವಿರೆಮು ಎರಡು ಸಲ ಹೇಳಿದರು. ಸಿಲಿಂಡರಿಗೆ ಸ್ಪ್ಯಾನರ್ ಬೇಡದ, ಕೈಯಲ್ಲೇ ತಿರುಗಿಸುವ ದಪ್ಪ ಹಿಡಿಯ ಜೋಡಣೆ ಹುಡುಕಿಕೊಟ್ಟವಳು ನಾನೇ. ಮುರಿದ ಭುಜಕ್ಕೆ ಅದು ಹಗುರ.

ಒಂದು ವಿಷಯದಲ್ಲಿ ಮಾತ್ರ ತಕರಾರು. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಸುರಕ್ಷತಾ ವಾಲ್ವ್ ಹಾಕೋಣ ಎಂದರು ವಿರೆಮು. ಅದನ್ನು ಹಚ್ಚುವಾಗ ಗುಂಡಿಯನ್ನು ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. "ಅದೆಲ್ಲ ಹೊಸಬರಿಗೆ. ಆರಿದರೆ ವಾಸನೆ ಬರಲ್ವಾ?" ಎಂದರು ಬ್ರೂಸ್. ಒತ್ತಿ ಹಿಡಿದರೆ ಬಲಗೈ ನೋಯುವುದು ನನಗೆ ಗೊತ್ತಿತ್ತು, ಬ್ರೂಸ್ ಮಾತಿಗೇ ಹೂಂ ಅಂದುಬಿಟ್ಟೆ.

ಸ್ಟ್ಯಾಂಡಿನ ಕೆಲಸ ನಡೆದ ದಿನಗಳಲ್ಲಿ ನನ್ನ ಊಟದ ಡಬ್ಬಿಯನ್ನು ಅವರ ಟೇಬಲ್ಲಿನಲ್ಲೇ ಬಿಚ್ಚುತ್ತಿದ್ದೆ. ಚಪಾತಿ, ಶೇಂಗಾ ಚಟ್ನಿಪುಡಿ, ಬೆಳ್ಳುಳ್ಳಿ ಇಂಗು ಹಾಕಿ ಒಗ್ಗರಣೆ ಕೊಟ್ಟ ಬೇಳೆ. ಆಫೀಸಿನಲ್ಲಿ ಈ ಡಬ್ಬಿ ತೆಗೆದರೆ ಯಾರಾದರೂ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಶೆರಿಲ್ ಸಹ ನಯವಾಗಿ ಬಾಗಿಲು ತೆರೆದಿಟ್ಟರು. ಬ್ರೂಸ್ ಮಾತ್ರ ಮುಖ ಸಿಂಡರಿಸದೆ ಪಕ್ಕದಲ್ಲೇ ಕೂತು, ಚಟ್ನಿಪುಡಿ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು.

ಸ್ಟ್ಯಾಂಡ್ ಸಿದ್ಧವಾಯಿತು. ಕೊನೆಯ ಪರೀಕ್ಷೆಯ ದಿನ ಪಾತ್ರೆಯಲ್ಲಿ ಬರೀ ನೀರು. ಬ್ರೂಸ್ ಒಬ್ಬರೇ ಎಲ್ಲ ಮಾಡಬೇಕು, ನಾನು ನಾಲ್ಕು ಹೆಜ್ಜೆ ದೂರ ನಿಂತು ಬರೆದುಕೊಳ್ಳಬೇಕು. ಅವರು ಸಿಲಿಂಡರ್ ಕೂರಿಸಿದರು, ರೆಗ್ಯುಲೇಟರ್ ತಿರುಗಿಸಿದರು, ಗ್ಯಾಸ್ ತೆರೆದರು. ಲೈಟರ್ ಹಿಡಿದು ಬಗ್ಗಿದರು. ಅಷ್ಟರಲ್ಲಿ ಅಂಗಳದ ಆ ತುದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಶೆರಿಲ್, "ಗ್ಯಾಸ್ ವಾಸನೆ ಬರ್ತಿದೆ" ಎಂದರು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಬ್ರೂಸ್ ಮೂಗು ಸಿಲಿಂಡರಿಗೆ ಒಂದು ಗೇಣು ದೂರದಲ್ಲಿತ್ತು. "ಇಲ್ಲವಲ್ಲ" ಎಂದು ಅವರು ಲೈಟರಿನ ಮೇಲೆ ಬೆರಳಿಟ್ಟರು.

ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ. ರೋಗಿಯನ್ನು ಹಾಗೆ ಹಿಡಿದದ್ದು ಅದೊಂದೇ ಸಲ. ಸಿಲಿಂಡರ್ ಮುಚ್ಚಿ ನೋಡಿದರೆ ರೆಗ್ಯುಲೇಟರಿನ ತಿರುಪು ಪೂರ್ತಿ ಕೂತಿರಲಿಲ್ಲ. ಅದನ್ನು ಬಿಗಿಮಾಡಿ ಕೇಳಿದೆ: "ಬ್ರೂಸ್, ನನ್ನ ಊಟದ ವಾಸನೆ ಹೇಗಿರುತ್ತೆ, ಹೇಳಿ."

ಅವರು ಲೈಟರನ್ನು ಸ್ಟ್ಯಾಂಡಿನ ಮೇಲಿಟ್ಟರು. "ಗೊತ್ತಿಲ್ಲ. ಏಣಿಯಿಂದ ಬಿದ್ದ ದಿನದಿಂದ ಯಾವ ವಾಸನೆಯೂ ಇಲ್ಲ. ನಿಮ್ಮ ಪುಡಿಯ ಖಾರ ಒಂದು ನಾಲಿಗೆಗೆ ತಿಳಿಯುತ್ತೆ, ಅದಕ್ಕೇ ಕೇಳ್ತಿದ್ದೆ."

"ನನಗೂ ಹೇಳಬಾರದಿತ್ತಾ?" ಎಂದರು ಶೆರಿಲ್. ಕೈಯಲ್ಲಿ ಒದ್ದೆ ಟವೆಲ್ ಹಾಗೇ ಇತ್ತು.

"ಮೂಗು ಹೋದವನು ಬೀರ್ ಮಾಡ್ತೀನಿ ಅಂದರೆ ಯಾರು ಬಿಡ್ತಾರೆ? ಮಾಡಿದರೂ ಅದು ಕೆಟ್ಟಿದೆಯೋ ಚೆನ್ನಾಗಿದೆಯೋ ನನಗೆ ಹೇಗೆ ಗೊತ್ತಾಗಬೇಕು? ಹೇಳಿದ ದಿನವೇ ಎಲ್ಲ ಮುಗೀತು ಅನ್ನಿಸ್ತು."

ಅವತ್ತು ಕಾರಿನಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ತಲೆಗೆ ಪೆಟ್ಟು ಬಿದ್ದಾಗ, ಮೂಗಿನಿಂದ ಮೆದುಳಿಗೆ ಹೋಗುವ ಎಳೆಯಂಥ ನರಗಳು ಹರಿದು ವಾಸನೆ ಹೋಗಬಹುದು. ಓದಿದ ಹೊಸತರಲ್ಲೇ ಕಲಿತ ಪಾಠ. ಅದನ್ನು ಕೇಳದೆ ಬಿಟ್ಟದ್ದು ಯಾಕೆ? ನನ್ನ ಇಂಗಿನ ಡಬ್ಬಿಗೆ ಮೂಗು ಮುರಿಯದ ಬಿಳಿಯರೊಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ! ಲೈಟರ್ ಒಂದು ಕ್ಷಣ ಮೊದಲು ಹೊತ್ತಿದ್ದರೆ?

ನಡೆದದ್ದನ್ನು ಮರೆಮಾಚದೆ ನಮ್ಮ ತಂಡದ ಮುಖ್ಯಸ್ಥೆಗೆ ವರದಿ ಮಾಡಿದೆ. "ಇಲ್ಲಿಗೇ ನಿಲ್ಲಿಸೋಣ, ಅವರಿಗೆ ಬೇರೆ ಹವ್ಯಾಸ ಹುಡುಕಿ" ಎಂದರು ಆಕೆ. ತಪ್ಪು ಮಾತಲ್ಲ. ಆದರೆ ಬ್ರೂಸ್ ಮತ್ತೆ ಆ ಕುರ್ಚಿಗೇ ಹೋಗಿ ಕೂತಿದ್ದರು, ಫೋನ್ ಸಹ ಎತ್ತುತ್ತಿರಲಿಲ್ಲ. ಎರಡು ವಾರ ಸಮಯ ಕೊಡಿ ಎಂದು ಕೇಳಿಕೊಂಡೆ, ಒಪ್ಪಿದರು.

ವಿರೆಮು ಜೊತೆ ಮತ್ತೆ ಕೂತು ಪ್ರತಿ ಭಾಗವನ್ನೂ ಮೂಗಿಲ್ಲದವರು ಬಳಸುವಂತೆ ಯೋಚಿಸಿದೆವು. ಬೇಡವೆಂದಿದ್ದ ಸುರಕ್ಷತಾ ವಾಲ್ವ್ ಬಂತು. ಗುಂಡಿಯನ್ನು ಎಡಗಡೆಗೆ ಹಾಕಿ, ನೋವಿಲ್ಲದ ಕೈಯಲ್ಲಿ ಒತ್ತುವಂತೆ ಮಾಡಿದೆವು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹಾಗಾಗಿ ಸೋರಿದರೆ ದೀಪ ಮಿನುಗಿಸುವ ಅಲಾರಂ ನೆಲದ ಹತ್ತಿರ ಬಂತು. ಆದರೆ ಬಯಲಿನಲ್ಲಿ ಗಾಳಿಗೆ ಅದನ್ನು ಪೂರ್ತಿ ನಂಬುವಂತಿಲ್ಲ ಎಂದರು ವಿರೆಮು. ಶೆಡ್ಡಿನೊಳಗೆ ಒಲೆ ಹಚ್ಚಲೇಬಾರದು. ಅಡುಗೆಮನೆಯಲ್ಲಿ ಅವ್ವ ಮಾಡುತ್ತಿದ್ದ ಉಪಾಯವನ್ನು ನಾನು ಸೇರಿಸಿದೆ: ಹಚ್ಚುವ ಮೊದಲು ಪ್ರತಿ ಜೋಡಣೆಗೂ ಸೋಪಿನ ನೀರು ಸವರುವುದು, ಗುಳ್ಳೆ ಎದ್ದರೆ ಸೋರಿಕೆ. ವಿರೆಮು ನಕ್ಕು, "ನಾವೂ ಅದನ್ನೇ ಮಾಡೋದು" ಎಂದರು.

ಇಷ್ಟಾದರೂ ಬ್ರೂಸ್ ಕುರ್ಚಿ ಬಿಡಲಿಲ್ಲ. "ಒಲೆ ಸರಿಹೋಯ್ತು. ಬೀರ್?" ಎಂದರು.

ಅದಕ್ಕೆ ಉತ್ತರ ಕೊಟ್ಟವರು ಶೆರಿಲ್. "ಮೂಗಿನ ಕೆಲಸ ನನ್ನದು. ನಾನಿಲ್ಲದಾಗ ಸಿಲಿಂಡರ್ ಮುಟ್ಟಬೇಡ. ಏನು ವಾಸನೆ ಬರುತ್ತೋ ನಾನು ಹೇಳ್ತೀನಿ, ಅದು ಏನು ಅಂತ ನೀನು ಹೇಳು." ನಲವತ್ತು ವರ್ಷ ಗಂಡನ ಬೀರ್ ವಾಸನೆಗೆ ಕಿಟಕಿ ಮುಚ್ಚಿಕೊಂಡಿದ್ದ ಹೆಂಗಸು ಹೇಳಿದ ಮಾತು ಇದು.

ಒಂದು ಶನಿವಾರ ಬೆಳಿಗ್ಗೆ ಒಲೆ ಹತ್ತಿತು. ಸೋಪಿನ ನೀರು ಸವರಿದ್ದು ಬ್ರೂಸ್, ಬಗ್ಗಿ ಮೂಸಿ, ವಾಸನೆ ಇಲ್ಲವೆಂದು ತಲೆಯಾಡಿಸಿದ್ದು ಶೆರಿಲ್. ನೀಲಿ ಉರಿ ಸದ್ದಿಲ್ಲದೆ ನಿಂತಿತು. ಹಾಪ್ಸ್ ಹಾಕುವ ಹೊತ್ತಿಗೆ ಶೆರಿಲ್ ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು.

"ಪ್ಯಾಶನ್ ಫ್ರೂಟ್. ಸ್ವಲ್ಪ ಹಸಿ ಹುಲ್ಲು." ಮತ್ತೆ ಮೂಸಿದರು. "ಹೇಳಬಾರದು, ಆದರೂ ಹೇಳ್ತೀನಿ. ಬೆಕ್ಕಿನ ಉಚ್ಚೆ."

ಬ್ರೂಸ್ ಜೋರಾಗಿ ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಮೊದಲು. "ಸರಿಯಾಗಿದೆ. ಒಳ್ಳೆಯ ಹಾಪ್ಸ್ ಹಾಗೇ ಇರುತ್ತೆ. ಹಾಕು." ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಹೆಂಡತಿಯ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು, ಬೆಕ್ಕಿನ ಉಚ್ಚೆಯನ್ನೂ ಸೇರಿಸಿ.

ಅಂದಿನಿಂದ ತಲೆಗೆ ಪೆಟ್ಟಾದ ಪ್ರತಿಯೊಬ್ಬರಿಗೂ ಮೊದಲ ದಿನವೇ ವಾಸನೆಯ ಪರೀಕ್ಷೆ ಮಾಡುತ್ತೇನೆ. ಅದು ಸಣ್ಣ ಪಾಠ. ದೊಡ್ಡ ಪಾಠ ಕಲಿತದ್ದು ಬ್ರೂಸ್ ಅವರ ಕಡತ ಮುಗಿಸುವಾಗ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ಕೆಲಸವನ್ನು ರೋಗಿ ಯಾರ ಸಹಾಯವೂ ಇಲ್ಲದೆ ಮಾಡಬಲ್ಲರೇ? ಅಲ್ಲಿ 'ಹೌದು' ಬಿದ್ದರೆ ನಾವು ಗೆದ್ದಂತೆ. ಎಷ್ಟೋ ವರ್ಷ ಆ ಒಂದು ಗುರುತಿಗಾಗಿಯೇ ನಾನು ಜನರ ಬೆನ್ನು ಹತ್ತಿದ್ದೆ, ಕೆಲವರನ್ನು ಗದರಿಸಿಯೂ ಇದ್ದೆ. ಬ್ರೂಸ್ ತಮ್ಮ ಕೊರತೆಯನ್ನು ಮುಚ್ಚಿಟ್ಟದ್ದು ಇಂಥದೇ ಪ್ರಶ್ನೆಗೆ ಹೆದರಿ ಎಂದು ನನಗೆ ಆಗ ಹೊಳೆಯಿತು. 'ಇಲ್ಲ' ಎಂದು ಗುರುತು ಹಾಕಿದೆ. ಕೆಳಗೆ ಬರೆದೆ: ಇಬ್ಬರು ಸೇರಿ ಮಾಡುತ್ತಾರೆ, ಚೆನ್ನಾಗಿ ಮಾಡುತ್ತಾರೆ, ಅಪಾಯವಿಲ್ಲ. ಸಹಿ ಹಾಕಿದೆ.