ಸಮಾ ಮಾಡಿದ ಭುಜ

ಟೇಲರ್ ಆದವಳ ಕಣ್ಣು ಒಳ್ಳೆಯದಲ್ಲ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅದು ಭುಜ ನೋಡುತ್ತದೆ, ತೋಳು ಎಷ್ಟು ಉದ್ದ, ಬೆನ್ನು ಎಷ್ಟು ಅಗಲ ಎಂದು ಅಂದಾಜು ಹಾಕುತ್ತದೆ, ಆಮೇಲೆ ‘ಬರ್ರಿ, ಕೂಡ್ರಿ’ ಅನ್ನುವ ನೆನಪಾಗುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೈದು ವರ್ಷದಿಂದ ಜಂಪರ್ ಹೊಲಿಯುತ್ತಿದ್ದೇನೆ. ಜಂಪರ್ ಅಂದರೆ ನಮ್ಮ ಕಡೆ ಬ್ಲೌಸು. ಇಷ್ಟು ವರ್ಷದಲ್ಲಿ ಎರಡೂ ಭುಜ ಒಂದೇ ಮಟ್ಟಕ್ಕಿರುವ ಹೆಂಗಸನ್ನು ನಾನು ಕಂಡಿಲ್ಲ. ಕೊಡ ಹೊತ್ತು, ಕೂಸು ಹೊತ್ತು ಎಲ್ಲರದೂ ಸ್ವಲ್ಪ ಏರುಪೇರೇ. ಅದು ಯಾರ ಕಣ್ಣಿಗೂ ಬೀಳದ ಹಾಗೆ ಹೊಲಿಯುವುದೇ ನನ್ನ ಕಸುಬು. ಇದಕ್ಕೆ ನಾವು ‘ಸಮಾ ಮಾಡೋದು’ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಸಮಾ ಅಂದರೆ ಮಟ್ಟವಾಗಿರುವುದೂ ಹೌದು, ಸರಿಯಾಗಿರುವುದೂ ಹೌದು. ಎರಡಕ್ಕೂ ಒಂದೇ ಶಬ್ದ ಇರುವುದು ಎಂಥ ಫಜೀತಿ ಎಂಬುದು ನಲವತ್ತೈದನೆಯ ವಯಸ್ಸಿನಲ್ಲಿ ಪೆನ್ಸಿಲು ಹಿಡಿದ ಮೇಲೆ ನನಗೆ ತಿಳಿಯಿತು.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅಕ್ಕ. ನಾನು ಮಷಿನ್ ತುಳಿದರೆ ಅವಳು ಹುಕ್ಕು ಹಚ್ಚುತ್ತಾಳೆ, ಬಂದವರನ್ನು ಮಾತಾಡಿಸುತ್ತಾಳೆ. ನನ್ನ ಸಿಡುಕಿಗೆ ಗಿರಾಕಿಗಳು ಓಡಿಹೋಗದೆ ಉಳಿದಿರುವುದು ಅವಳ ಮಾತಿನಿಂದ. ಎಂಟು ವರ್ಷದವಳಿದ್ದಾಗ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಅವಳ ಎಡಭುಜದ ಎಲುಬು ಸೊಟ್ಟಗೆ ಕೂಡಿಕೊಂಡಿತು. ಆ ಭುಜ ಎರಡು ಬೆರಳಷ್ಟು ಕೆಳಗೆ. ಅದಕ್ಕೆ ಸರಿಯಾಗಿ ಅವಳ ಮೈ ತನ್ನದೇ ಒಂದು ಉಪಾಯ ಕಂಡುಕೊಂಡಿತ್ತು: ಕುತ್ತಿಗೆ ತುಸು ಬಲಕ್ಕೆ ವಾಲಿಸಿ, ಬಲಗೈ ಸೊಂಟದ ಮೇಲಿಟ್ಟು ನಿಲ್ಲುವುದು. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೇ ಗದ್ದಲವಿರಲಿ, ಮುಖ ಕಾಣದಿದ್ದರೂ ಆ ನಿಲುವಿನಿಂದಲೇ ಅಕ್ಕ ಎಲ್ಲಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು.

ಮದುವೆಗಳಲ್ಲಿ ಫೋಟೋದವನು ‘ಅಕ್ಕಾರ, ಸಮಾ ನಿಂದರ್ರಿ’ ಅಂದ ಕೂಡಲೇ ಅವಳು ಹಿಂದಿನ ಸಾಲಿಗೆ ಸರಿದುಬಿಡುತ್ತಿದ್ದಳು. ಕುಷ್ಟಗಿ ಕಡೆಯಿಂದ ಗಂಡಿನವರು ಅವಳನ್ನು ನೋಡಲು ಬಂದಾಗ ನನಗೆ ಹತ್ತೊಂಬತ್ತು, ಆಗತಾನೇ ಹೊಲಿಗೆ ಕಲಿತ ಸೊಕ್ಕು. ಅಕ್ಕನ ಜಂಪರಿನ ಎಡಭುಜದೊಳಗೆ ನಾಲ್ಕು ಪದರ ಬಟ್ಟೆ ಇಟ್ಟು ಹೊಲಿದೆ. ಆಗ ಇನ್ನೂ ಇದ್ದ ಅವ್ವ ‘ಭಾರಿ ಕೈ ನಿಂದು’ ಅಂದಳು. ಚಹಾ ಆದ ಮೇಲೆ ಗಂಡಿನ ತಾಯಿ ಅಕ್ಕನನ್ನು ಹತ್ತಿರ ಕೂರಿಸಿಕೊಂಡು ಪ್ರೀತಿಯಿಂದಲೇ ಬೆನ್ನ ಮೇಲೆ ಕೈಯಾಡಿಸಿದಳು. ಆ ಕೈ ಭುಜಕ್ಕೆ ಬಂದು ಪದರದ ಮೇಲೆ ನಿಂತಿತು. ಅವರು ಜಗಳ ಮಾಡಲಿಲ್ಲ, ‘ಹೇಳಿ ಕಳಸ್ತೀವ್ರಿ’ ಅಂದು ಹೋದರು, ಹೇಳಿ ಕಳಿಸಲಿಲ್ಲ. ಭುಜ ಸೊಟ್ಟಗಿದ್ದದ್ದಕ್ಕೆ ಹೋದರೋ, ಅದನ್ನು ಮುಚ್ಚಿದ್ದಕ್ಕೆ ಹೋದರೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನಾದರೂ ಬುದ್ಧಿ ಕಲಿತೆನೇ? ಇಲ್ಲ. ಮುಂದಿನ ಜಂಪರಿಗೆ ಕೈಗೆ ಸಿಗದಂಥ ತೆಳ್ಳನೆಯ ಬಟ್ಟೆ ಹುಡುಕಿದೆ.

ಚಿತ್ರದ ಹುಚ್ಚು ಹತ್ತಿದ್ದು ಗಿರಾಕಿಗಳಿಂದ. ಈಗಿನವರು ಮೊಬೈಲಿನಲ್ಲಿ ಡಿಸೈನ್ ತೋರಿಸುತ್ತಾರೆ, ನಾನು ಹಾಳೆಯ ಮೇಲೆ ತೆಗೆದು ತೋರಿಸಬೇಕು. ನಾನು ತೆಗೆದರೆ ಹೆಂಗಸಿನ ತಲೆ ಕುಂಬಳಕಾಯಿಯಷ್ಟು, ಕೈ ಮೊಣಕಾಲಿನತನಕ. ಅಕ್ಕ ನಕ್ಕು ನಕ್ಕು ಸಾಕಾಗಿ, ‘ಕಲೀಬಾರದೇನು?’ ಅಂದಳು. ಕೊಪ್ಪಳದಲ್ಲಿ ರಿಟೈರ್ ಆದ ಡ್ರಾಯಿಂಗ್ ಮಾಸ್ತರರೊಬ್ಬರು ರವಿವಾರ ಬೆಳಿಗ್ಗೆ ತಮ್ಮ ಪಡಸಾಲೆಯಲ್ಲಿ ದೊಡ್ಡವರಿಗೂ ಹೇಳಿಕೊಡುತ್ತಿದ್ದರು. ಹೋಗಿ ಸೇರಿಕೊಂಡೆ.

ಮಾಸ್ತರರು ಮೂಲತಃ ಕಿನ್ನಾಳದವರು. ಮೊದಲ ದಿನ ತಮ್ಮೂರಿನ ಕಟ್ಟಿಗೆಯ ಗೊಂಬೆಯೊಂದನ್ನು ಸ್ಟೂಲಿನ ಮೇಲೆ ಇಟ್ಟರು, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಣ್ಣು. ‘ಮೊದಲ ಅರ್ಧ ನಿಮಿಷದಾಗ ಒಂದ ಗೆರಿ ಎಳೀರಿ. ತಲಿಯಿಂದ ಹಿಮ್ಮಡಿತನಕ ಆಕಿ ಎಲ್ಲಿ ವಾಲ್ಯಾಳ, ಭಾರ ಯಾವ ಕಾಲಿನ ಮ್ಯಾಲ ಬಿಟ್ಟಾಳ, ಅಷ್ಟ. ಅಳತಿ ಆಮ್ಯಾಲ’ ಅಂದರು. ಉಳಿದವರು ಗೆರೆ ಎಳೆದರು. ನಾನು ಕೊರಳಲ್ಲಿದ್ದ ಟೇಪು ತೆಗೆದು, ಎದ್ದು ಹೋಗಿ, ಗೊಂಬೆಯ ಸುತ್ತ ಹಿಡಿದು ಅಳೆಯತೊಡಗಿದೆ. ಟೇಪು ಕೊರಳಲ್ಲಿ ಇದ್ದದ್ದೇ ನನಗೆ ನೆನಪಿರಲಿಲ್ಲ, ಕೈ ತಾನೇ ಹೋಯಿತು. ‘ಏನ್ರಿ ಟೇಲರ್ ಅಕ್ಕಾರ, ಗೊಂಬಿಗೆ ಜಂಪರ್ ಹೊಲೀತೀರೇನು?’ ಎಂದು ಮಾಸ್ತರರು ಕೇಳಿದಾಗ ಪಡಸಾಲೆಯೆಲ್ಲ ನಕ್ಕಿತು.

ಅಳತೆ ತೆಗೆಯುವ ಚಿತ್ರದವರ ಪದ್ಧತಿಯನ್ನೂ ಅವರು ಕಲಿಸಿದರು: ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ತಲೆಯ ಉದ್ದ ಹಿಡಿಯುವುದು, ಇಡೀ ಮೈಯಲ್ಲಿ ಅಂಥ ತಲೆ ಎಷ್ಟಿವೆ ಎಂದು ಎಣಿಸುವುದು. ಇದು ನನಗೆ ನೀರು ಕುಡಿದಷ್ಟು ಸುಲಭ. ಒಂದು ತಿಂಗಳಲ್ಲಿ ನನ್ನಷ್ಟು ಕರಾರುವಾಕ್ಕಾಗಿ ತೆಗೆಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಮಾಸ್ತರರು ನನ್ನ ಹಾಳೆಯನ್ನು ದೂರ ಹಿಡಿದು ನೋಡಿ ಅಂದರು: ‘ಅಳತಿ ನೂರಕ್ಕ ನೂರು. ಆದ್ರ ಈಕಿ ನಿಂತಿಲ್ರಿ, ಈಕಿನ್ನ ಯಾರೋ ನಿಲ್ಲಿಸ್ಯಾರ. ನೀವು ಸಮಾ ಮಾಡಬ್ಯಾಡ್ರಿ, ಸಮಾ ನೋಡ್ರಿ.’ ನಾನು ತಲೆಯಾಡಿಸಿದೆ. ಒಳಗೆ ಮಾತ್ರ, ಕುಣಿಯಲಾರದವಳಿಗೆ ಅಂಗಳ ಡೊಂಕು ಅಂದ ಹಾಗೆ, ಈ ಮುದುಕರಿಗೆ ನನ್ನ ಅಳತೆ ಕಂಡು ಹೊಟ್ಟೆಕಿಚ್ಚು ಎಂದುಕೊಂಡೆ. ಆ ಗಾದೆ ಯಾರಿಗೆ ಒಪ್ಪುತ್ತದೆ ಎಂದು ಆಗ ಹೊಳೆಯಲಿಲ್ಲ.

ಅದೇ ವಾರ ಅಕ್ಕ ತಾನಾಗಿಯೇ ಕೇಳಿದಳು. ‘ನಂದೊಂದು ಚಿತ್ರ ತಗೀಬೇ. ಪೂರಾ ನಿಂತಿದ್ದು. ಯಾವ ಫೋಟೋದಾಗೂ ನಾ ಇಲ್ಲ.’

ಹಿತ್ತಲ ಬಾಗಿಲ ಚೌಕಟ್ಟಿನಲ್ಲಿ ಬಂದು ನಿಂತಳು. ಕುತ್ತಿಗೆ ಬಲಕ್ಕೆ, ಕೈ ಸೊಂಟದ ಮೇಲೆ, ಎಡಭುಜ ತನ್ನ ಪಾಡಿಗೆ ತಾನು ಕೆಳಗೆ. ನನ್ನೆದುರು ಅವಳಿಗೆ ಸಂಕೋಚವಿರಲಿಲ್ಲ. ಒಂದು ಗೆರೆ ಸಾಕಿತ್ತು, ಅರ್ಧ ನಿಮಿಷದ ಕೆಲಸ. ನಾನು ಮೂರು ಮಧ್ಯಾಹ್ನ ತಲೆ ಎಣಿಸಿದೆ. ಭುಜಕ್ಕೆ ಬಂದಾಗ ಪೆನ್ಸಿಲು ನಿಂತಿತು, ಆಮೇಲೆ ನನ್ನನ್ನು ಕೇಳದೆ ಎರಡು ಬೆರಳು ಮೇಲಕ್ಕೆ ಹೋಯಿತು. ಸುಳ್ಳು ತೆಗೆಯಬೇಕೆಂದು ತೆಗೆಯಲಿಲ್ಲ, ಕೈಗೆ ರೂಢಿ. ಭುಜ ಏರಿಸಿದ ಮೇಲೆ ಕುತ್ತಿಗೆ ಸೊಟ್ಟ ಕಂಡಿತು, ಅದನ್ನೂ ನೆಟ್ಟಗೆ ಮಾಡಿದೆ. ಆಗ ಸೊಂಟದ ಮೇಲಿನ ಕೈ ಸುಮ್ಮನೆ ಜಂಬದ ಹಾಗೆ ಕಾಣತೊಡಗಿತು, ಕೆಳಗೆ ಇಳಿಸಿದೆ. ತೋಳು ಬಿಚ್ಚಿದರೆ ಕಂಕುಳ ಬಿಚ್ಚಬೇಕು, ಕಂಕುಳ ಬಿಚ್ಚಿದರೆ ಮಗ್ಗುಲು ಬಿಚ್ಚಬೇಕು, ನಮ್ಮ ಕಸುಬಿನಲ್ಲಿ ಇದು ದಿನದ ಮಾತು.

ಅಕ್ಕ ಬಹಳ ಹೊತ್ತು ನೋಡಿದಳು. ‘ಛಲೋ ಬಂದೈತಿ’ ಅಂದಳು. ಚಿತ್ರದ ಎಡಭುಜದ ಮೇಲೆ ಬೆರಳಿಟ್ಟು, ‘ಭುಜ ಸಮಾ ಮಾಡೀದಿ’ ಅಂದಳು.

‘ಮತ್ತ! ನನ್ನ ಕೈ ಅಂದ್ರ ಏನಂತ ತಿಳದೀ?’ ಅಂದೆ. ಹಾಗೆ ಅಂದದ್ದು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅವಳೇ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದಳು. ಗಂಗಾವತಿಯ ಚಿಗವ್ವ, ಅವ್ವನ ತಂಗಿ, ಬಂದವಳು ಚಿತ್ರ ನೋಡಿ, ‘ಎಷ್ಟ ಛಂದ ಕಾಣ್ತಾಳ! ಹಿಂಗ ಇದ್ದಿದ್ರ...’ ಎಂದು ಅರ್ಧಕ್ಕೆ ನಿಲ್ಲಿಸಿ ಅಡುಗೆಮನೆಗೆ ಹೋದಳು. ಅಕ್ಕ ಹುಕ್ಕು ಹಚ್ಚುತ್ತಲೇ ಇದ್ದಳು. ನಾನು ಹೊಗಳಿಕೆಯ ಅರ್ಧ ಮಾತ್ರ ಕೇಳಿಸಿಕೊಂಡೆ.

ಕಲಿಕೆ ನನಗೆ ತಡವಾಗಿ ಹತ್ತಿತು. ಮಾಸ್ತರರು ನಮ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಟೇಪು, ರಬ್ಬರು ಎರಡನ್ನೂ ಕಸಿದುಕೊಳ್ಳುತ್ತಿದ್ದರು. ಬಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ, ಆದ್ದರಿಂದ ಎಣಿಸಲು ಹೊತ್ತಿಲ್ಲ. ಒಂದು ರವಿವಾರ ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, ಕಂಕುಳಲ್ಲಿ ಗಂಟು, ಮೈಯೆಲ್ಲ ಒಂದು ಕಾಲಿನ ಮೇಲೆ, ನಾಲ್ಕು ಗೆರೆಗಳಲ್ಲಿ ಹಾಳೆಗೆ ಬಂದುಬಿಟ್ಟಳು. ‘ಈಗ ನಿಂತಾಳ್ ನೋಡ್ರಿ’ ಅಂದರು ಮಾಸ್ತರರು. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ, ಮತ್ತು ಅದು ಒಂದು ನಿಮಿಷವೂ ಉಳಿಯಲಿಲ್ಲ. ಗುರುತಿಲ್ಲದವಳನ್ನು ಅವಳಿದ್ದ ಹಾಗೆ ತೆಗೆದಿದ್ದೆ. ನನ್ನನ್ನು ಎತ್ತಿ ಬೆಳೆಸಿದ ಅಕ್ಕನನ್ನು ತೆಗೆದಿರಲಿಲ್ಲ. ಕ್ಲಾಸು ಮುಗಿಯುವ ಮೊದಲೇ ಆಟೋ ಹತ್ತಿದೆ.

‘ಅಕ್ಕಾ, ಹಿತ್ತಲ ಬಾಗಿಲದಾಗ ನಿಂದ್ರು, ಅರ್ಧ ನಿಮಿಷ ಸಾಕು’ ಅಂದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಬಂದಳು. ನಾನು ಪೆನ್ಸಿಲು ಹಿಡಿದದ್ದೇ ತಡ, ಸೊಂಟದ ಮೇಲಿನ ಕೈ ಕೆಳಗಿಳಿಸಿದಳು, ಕುತ್ತಿಗೆ ನೆಟ್ಟಗೆ ಮಾಡಿದಳು, ಉಸಿರು ಹಿಡಿದು ಎಡಭುಜ ಮೇಲೆತ್ತಿದಳು.

‘ಹಂಗಲ್ಲಬೇ. ದಿನಾ ನಿಂದ್ರತೀಯಲ್ಲ, ಹಂಗ ನಿಂದ್ರು.’

‘ನೀನ ಹಿಂಗ ತಗದೀಯಲ್ಲ.’

‘ತಪ್ಪ ತಗದೀನಿ ಅಕ್ಕಾ. ನಂದ ತಪ್ಪು.’

‘ಏನ್ ತಪ್ಪು? ಎಲ್ಲಾರೂ ಛಂದ ಐತಿ ಅಂದಾರ’ ಅಂದಳು.

ಆಮೇಲೆ ಎಷ್ಟು ಸಲ ಕೇಳಿದೆನೋ. ಗೋಡೆಯ ಚಿತ್ರ ಇಳಿಸುತ್ತೇನೆ ಅಂದರೆ ಬೇಡ ಅನ್ನುತ್ತಾಳೆ. ನೆನಪಿನಿಂದ ತೆಗೆಯಲು ನೋಡಿದೆ, ನೆನಪಿನ ಅಕ್ಕನೂ ಆ ಚಿತ್ರದ ಹಾಗೆಯೇ ಬಂದು ನಿಲ್ಲುತ್ತಾಳೆ. ಈಗೀಗ ಗಿರಾಕಿಗಳು ಹೊಸ್ತಿಲು ದಾಟಿದರೂ ಭುಜ ಏರಿಸುತ್ತಾಳೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಹೋದ ರವಿವಾರ ಮತ್ತೆ ಕೇಳಿದೆ, ಮತ್ತೆ ಬಂದು ನಿಂತಳು, ಹಾಗೆಯೇ. ಎತ್ತಿ ಹಿಡಿದ ಕಡೆ ಕೊರಳಿನ ನರ ಸಣ್ಣಗೆ ನಡುಗುತ್ತಿತ್ತು.

‘ನೋಯ್ತೈತೇನಬೇ?’ ಅಂದೆ.

‘ನೋವು ಇದ್ದದ್ದ. ನೀ ಲಗೂ ತಗಿ’ ಅಂದಳು, ‘ಭಾಳೊತ್ತು ಹಿಡಿಯಾಕ ಆಗಂಗಿಲ್ಲ.’